ಕಳೆದುಹೋದ ಕಾಗದ, ನಡೆಯುವ ಗಡಿಯಾರ

ಬೆಲೆಬಾಳುವ ಸ್ವಿಸ್ ಕೈಗಡಿಯಾರವನ್ನು ಕೊಂಡವನ ಮನೆಗೆ ಗಡಿಯಾರವೊಂದೇ ಬರುವುದಿಲ್ಲ. ಅದರ ಹಿಂದೆ ಸಣ್ಣದೊಂದು ಪರಿವಾರವೇ ಬರುತ್ತದೆ. ಮರದ್ದೋ ಚರ್ಮದ್ದೋ ಆದ ಪೆಟ್ಟಿಗೆ, ಆ ಪೆಟ್ಟಿಗೆಯನ್ನು ಕಾಯುವ ರಟ್ಟಿನ ಹೊರಪೆಟ್ಟಿಗೆ, ಹಲವು ಭಾಷೆಗಳಲ್ಲಿ ಅಚ್ಚಾದ ಕೈಪಿಡಿ, ಯಂತ್ರವು ಕಾಲಮಾಪನದ ಪರೀಕ್ಷೆಯಲ್ಲಿ ತೇರ್ಗಡೆಯಾಯಿತೆಂದು ಸಾರುವ ಪ್ರಮಾಣಪತ್ರ, ದಾರದಲ್ಲಿ ತೂಗುವ ಮುದ್ರೆ, ಎಲ್ಲಕ್ಕೂ ಮಿಗಿಲಾಗಿ ಅಂಗಡಿಯವರು ತಾರೀಖು ನಮೂದಿಸಿ ಕೊಟ್ಟ ವಾರಂಟಿ ಕಾರ್ಡು, ಇವೆಲ್ಲವೂ ಕೆಲವು ವರ್ಷ ಬೀರುವಿನೊಳಗೆ ಭಕ್ತಿಯಿಂದ ರಕ್ಷಿತವಾಗಿದ್ದು, ಅನಂತರ ಮನೆ ಬದಲಾಯಿಸುವಾಗಲೋ ಹಬ್ಬಕ್ಕೆ ಅಟ್ಟ ಗುಡಿಸುವಾಗಲೋ, ಯಾರ ದೋಷವೆಂದು ಹೇಳಲಾಗದಂತೆ ಒಂದೊಂದಾಗಿ ಕಣ್ಮರೆಯಾಗುತ್ತವೆ. ಗಡಿಯಾರ ಮಾತ್ರ ಮಣಿಕಟ್ಟಿನ ಮೇಲೆ ಉಳಿಯುತ್ತದೆ. ವಾರಂಟಿಯ ಅವಧಿ ಮುಗಿದು, ವರ್ಷಗಳು ಸರಿದು, ದಿನಕ್ಕೆ ಅರ್ಧ ನಿಮಿಷದಷ್ಟು ಅದು ಹಿಂದೆ ಬೀಳತೊಡಗಿದಾಗ ಒಡೆಯನಿಗೆ ಒಂದು ಸಂದೇಹ ಹುಟ್ಟುತ್ತದೆ: ಮೂಲ ಕಾಗದಗಳಿಲ್ಲದ ಗಡಿಯಾರವನ್ನು ಕಂಪನಿಯ ಸರ್ವಿಸ್ ಕೇಂದ್ರದವರು ಮುಟ್ಟುವರೆ?

ಮುಟ್ಟುತ್ತಾರೆ. ವಾರಂಟಿಯೆಂಬುದು ಕಾಲಕ್ಕೆ ಕಟ್ಟುಬಿದ್ದ ಕರಾರು. ಇಂಥ ದಿನ ಮಾರಿದ ಈ ಯಂತ್ರದಲ್ಲಿ ಇಷ್ಟು ವರ್ಷದೊಳಗೆ ನಿರ್ಮಾಣದೋಷ ತೋರಿದರೆ ನಮ್ಮ ಖರ್ಚಿನಲ್ಲಿಯೇ ಸರಿಪಡಿಸಿಕೊಡುತ್ತೇವೆಂದು ತಯಾರಕನು ಕೊಟ್ಟ ಮಾತು ಅದು. ರೋಲೆಕ್ಸ್ ಸಂಸ್ಥೆ 2015ರ ಜುಲೈಯಿಂದ ಈಚೆಗೆ ಮಾರಿದ ಗಡಿಯಾರಗಳಿಗೆ ಐದು ವರ್ಷಗಳ ಭರವಸೆ ಕೊಡುತ್ತದೆ. ಒಮೆಗಾ 2018ರ ನವೆಂಬರಿನಿಂದ ಅದೇ ಪದ್ಧತಿಯನ್ನು ಹಿಡಿಯಿತು. ಆ ಐದು ವರ್ಷಗಳ ಒಳಗೆ ಮಾರಾಟದ ತಾರೀಖನ್ನೂ ಮಾರಿದವನು ಅಧಿಕೃತ ವ್ಯಾಪಾರಿಯೇ ಎಂಬುದನ್ನೂ ಕಾರ್ಡು ಸಾಬೀತುಪಡಿಸಬೇಕಾಗುತ್ತದೆ, ಏಕೆಂದರೆ ಅಲ್ಲಿ ಖರ್ಚು ಯಾರದೆಂಬ ಪ್ರಶ್ನೆಯಿದೆ. ಅವಧಿ ಮುಗಿದ ಮೇಲೆ ಖರ್ಚೆಲ್ಲ ಒಡೆಯನದೇ ಆದಕಾರಣ ಆ ಪ್ರಶ್ನೆಯೇ ಉಳಿಯುವುದಿಲ್ಲ. ಕಾರ್ಡು ತನ್ನ ಕೆಲಸ ಮುಗಿಸಿದ ಸೇವಕನಂತೆ ನಿವೃತ್ತವಾಗುತ್ತದೆ. ಸರ್ವಿಸ್ ಕೌಂಟರಿನಲ್ಲಿ ತಡವರಿಸುತ್ತ "ಕಾರ್ಡು ಎಲ್ಲೋ ಹೋಗಿದೆ ಸಾರ್" ಎನ್ನುವ ಗಿರಾಕಿಗೆ ಸಾಮಾನ್ಯವಾಗಿ ದೊರೆಯುವ ಉತ್ತರ "ಇರಲಿ ಸಾರ್, ವಾಚು ಕೊಡಿ" ಎಂಬುದು.

ಕಾಗದವಿಲ್ಲದೆ ಗಡಿಯಾರದ ಗುರುತು ಹಿಡಿಯುವುದು ಹೇಗೆಂದರೆ, ಅದರ ಗುರುತು ಅದರ ಲೋಹದಲ್ಲಿಯೇ ಇದೆ. ಹಳೆಯ ರೋಲೆಕ್ಸ್‌ಗಳಲ್ಲಿ ಪಟ್ಟಿಯನ್ನು ಬಿಚ್ಚಿದರೆ, ಆರು ಗಂಟೆಯ ಕಡೆಯ ಎರಡು ಕಿವಿಗಳ ನಡುವೆ ಕ್ರಮಸಂಖ್ಯೆ ಕೊರೆದಿರುವುದು ಕಾಣುತ್ತದೆ. ಈ ಶತಮಾನದ ಮೊದಲ ದಶಕದಲ್ಲಿ ಅದು ಅಲ್ಲಿಂದ ಸರಿದು, ಗಾಜಿನ ಕೆಳಗೆ ಡಯಲನ್ನು ಸುತ್ತುವರಿದ ಒಳ ಉಂಗುರದ ಮೇಲೆ ಬಂದು ನೆಲೆಸಿತು. ಪಾಟೆಕ್ ಫಿಲಿಪ್ ಗಡಿಯಾರಗಳಲ್ಲಿ ಕೇಸಿಗೊಂದು ಸಂಖ್ಯೆ, ಯಂತ್ರಕ್ಕೆ ಬೇರೊಂದು ಸಂಖ್ಯೆ. ಎರಡೂ ಜಿನೀವಾದ ದಾಖಲೆಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಇರಬೇಕು. ಹಳೆಯ ಒಮೆಗಾಗಳಲ್ಲಿ ಸಂಖ್ಯೆಯನ್ನು ಹಿಂಬದಿಯ ಮುಚ್ಚಳ ತೆರೆದು ಯಂತ್ರದ ಮೇಲೆಯೇ ಹುಡುಕಬೇಕು. ಮುಚ್ಚಳ ತೆರೆದಾಗ ಕಾಣುವ ಇನ್ನೊಂದು ಸಂಗತಿಯುಂಟು, ನನಗೆ ಅತ್ಯಂತ ಪ್ರಿಯವಾದದ್ದು: ಹಿಂದಿನ ರಿಪೇರಿಯವರು ತಾವು ಕೆಲಸ ಮಾಡಿದ ತಾರೀಖನ್ನೋ, ತಮ್ಮ ಹೆಸರಿನ ಮೊದಲಕ್ಷರವನ್ನೋ, ತಮಗೊಬ್ಬರಿಗೇ ಅರ್ಥವಾಗುವ ಸಂಕೇತವನ್ನೋ ಮುಚ್ಚಳದ ಒಳಮೈಯಲ್ಲಿ ಸೂಜಿಮೊನೆಯಿಂದ ಗೀಚಿಟ್ಟಿರುತ್ತಾರೆ. ಎಷ್ಟು ಸಲ ಬಿಚ್ಚಿದೆ, ಎಷ್ಟು ಕೈಗಳನ್ನು ಹಾದು ಬಂದಿದೆ ಎಂಬ ಚರಿತ್ರೆಯನ್ನು ಯಾವ ಕಾರ್ಡಿನಲ್ಲಿಯೂ ಬರೆದಿಲ್ಲ. ಆ ಗೀಚುಗಳಲ್ಲಿ ಬರೆದಿದೆ.

ಇನ್ನು ಸರ್ವಿಸ್ ಎಂಬ ಕೆಲಸವನ್ನೇ ತೆಗೆದುಕೊಳ್ಳೋಣ. ಇಂದಿನ ಬಹುತೇಕ ಯಾಂತ್ರಿಕ ಗಡಿಯಾರಗಳ ಬ್ಯಾಲೆನ್ಸ್ ಚಕ್ರವು ಗಂಟೆಗೆ 28,800 ಬಡಿತಗಳ ವೇಗದಲ್ಲಿ, ಎಂದರೆ ಸೆಕೆಂಡಿಗೆ ಎಂಟು ಸಲ, ಅತ್ತಿಂದಿತ್ತ ತೂಗುತ್ತದೆ. ಐದು ವರ್ಷ ಬಿಡುವಿಲ್ಲದೆ ನಡೆದ ಯಂತ್ರವು ಸುಮಾರು 126 ಕೋಟಿ ಬಡಿತಗಳನ್ನು ಮುಗಿಸಿರುತ್ತದೆ. ಆ ಬಡಿತಗಳ ಭಾರವನ್ನು ಹೊರುವುದು ಕೂದಲೆಳೆಯಷ್ಟು ಸಪುರವಾದ ಉಕ್ಕಿನ ಮೊನೆಗಳು. ಮೊನೆಗಳನ್ನು ಹೊರುವುದು ಮಾಣಿಕ್ಯದ ಪುಟ್ಟ ಕಲ್ಲುಗಳು. ಇವೆರಡರ ನಡುವೆ ಇರುವುದು ಒಂದು ಹನಿಯ ಅಲ್ಪಾಂಶದಷ್ಟು ಎಣ್ಣೆ. ಆ ಎಣ್ಣೆ ಕಾಲಕ್ರಮದಲ್ಲಿ ಒಣಗುತ್ತದೆ, ಇಲ್ಲವೆ ಇರಬೇಕಾದ ಸ್ಥಳವನ್ನು ಬಿಟ್ಟು ಹರಡುತ್ತದೆ. ಒಣಗಿದ ಮೇಲೂ ಗಡಿಯಾರ ನಿಲ್ಲುವುದಿಲ್ಲವೆಂಬುದೇ ಅಪಾಯ. ಅದು ನಡೆಯುತ್ತಲೇ ಇರುತ್ತದೆ, ಒಳಗೆ ಮೊನೆಗಳು ಸವೆಯುತ್ತಿರುತ್ತವೆ, ಒಡೆಯನು ಸುಖವಾಗಿರುತ್ತಾನೆ. ಕುಶಲನಾದ ಕೆಲಸಗಾರನು ಮೊದಲು ಗಡಿಯಾರವನ್ನು ಟೈಮ್‌ಗ್ರಾಫರ್ ಎಂಬ ಉಪಕರಣದ ಮೇಲಿಟ್ಟು, ಅದರ ಬಡಿತವನ್ನು ಆಲಿಸಿ, ದಿನಕ್ಕೆ ಎಷ್ಟು ಸೆಕೆಂಡು ಮುಂದೆ ಹಿಂದೆ ಓಡುತ್ತಿದೆ, ಬ್ಯಾಲೆನ್ಸ್ ಚಕ್ರವು ಎಷ್ಟು ಡಿಗ್ರಿ ತಿರುಗುತ್ತಿದೆ ಎಂಬುದನ್ನು ಗುರುತು ಹಾಕಿಕೊಳ್ಳುತ್ತಾನೆ. ಆರೋಗ್ಯವಂತ ಯಂತ್ರವು ಪೂರ್ತಿ ಕೀ ಕೊಟ್ಟು ಮಲಗಿಸಿದಾಗ 270ರಿಂದ 310 ಡಿಗ್ರಿಯವರೆಗೆ ತೂಗುವುದುಂಟು. ಬಳಿಕ ಯಂತ್ರವನ್ನು ಕಡೆಯ ಸ್ಕ್ರೂವಿನ ತನಕ ಬಿಚ್ಚಿ, ಶ್ರವಣಾತೀತ ಕಂಪನದ ದ್ರಾವಣದಲ್ಲಿ ತೊಳೆದು, ಸವೆದ ಬಿಡಿಭಾಗಗಳನ್ನು ಬದಲಿಸಿ, ಸ್ಥಾನಸ್ಥಾನಕ್ಕೆ ಬೇರೆಬೇರೆ ಜಾತಿಯ ಎಣ್ಣೆಯನ್ನಿಟ್ಟು, ನೀರು ತಡೆಯುವ ರಬ್ಬರು ಬಳೆಗಳನ್ನು ಹೊಸದಾಗಿ ಹಾಕಿ, ಒತ್ತಡದ ಪರೀಕ್ಷೆ ಮಾಡಿ ಮುಚ್ಚುತ್ತಾನೆ. ಈ ಸಮಸ್ತ ವಿಧಿಯಲ್ಲಿ ಮೂಲ ಕಾಗದವನ್ನು ತೆರೆದು ನೋಡಬೇಕಾದ ಘಟ್ಟ ಒಂದೂ ಇಲ್ಲ. ನಾಡಿ ಹಿಡಿದ ವೈದ್ಯನು ರೋಗಿಯ ಜಾತಕವನ್ನು ಕೇಳುವುದಿಲ್ಲ.

ಕಾಲಮಾಪನದ ಪ್ರಮಾಣಪತ್ರವಾದರೂ ಇಲ್ಲಿ ನೆರವಾಗಬಾರದೆ ಎಂದು ಕೆಲವರು ಕೇಳಬಹುದು. 1973ರಲ್ಲಿ ಸ್ಥಾಪಿತವಾದ ಸ್ವಿಸ್ ಪರೀಕ್ಷಾಸಂಸ್ಥೆಯಾದ ಕೋಸ್ಕ್, ಒಂದೊಂದು ಯಂತ್ರವನ್ನೂ ಹದಿನೈದು ದಿನಗಳ ಕಾಲ, ಐದು ಭಂಗಿಗಳಲ್ಲಿ, ಮೂರು ಉಷ್ಣಮಾನಗಳಲ್ಲಿ ಪರೀಕ್ಷಿಸಿ, ಅದರ ಸರಾಸರಿ ನಡೆ ದಿನಕ್ಕೆ ನಾಲ್ಕು ಸೆಕೆಂಡು ಹಿಂದೆ, ಆರು ಸೆಕೆಂಡು ಮುಂದೆ ಎಂಬ ಮೇರೆಯೊಳಗಿದ್ದರೆ ಮಾತ್ರ ‘ಕ್ರೊನೋಮೀಟರ್’ ಎಂಬ ಬಿರುದನ್ನು ಕೊಡುತ್ತದೆ. ಬಿರುದು ಗೌರವದ್ದೇ ಸರಿ. ಆದರೆ ಅದು ಆ ಹದಿನೈದು ದಿನಗಳ ಸಾಕ್ಷ್ಯ. ಹನ್ನೆರಡು ವರ್ಷ ಬೆವರನ್ನೂ ಧೂಳನ್ನೂ ಕಂಡ ಯಂತ್ರದ ಇಂದಿನ ಸ್ಥಿತಿಯ ವಿಷಯದಲ್ಲಿ ಅದಕ್ಕೆ ಹೇಳುವಂಥದ್ದೇನೂ ಇಲ್ಲ.

ಸರ್ವಿಸ್ ಕೇಂದ್ರದವರು ಗಡಿಯಾರವನ್ನು ನಿರಾಕರಿಸುವ ಸಂದರ್ಭಗಳು ಇಲ್ಲವೆಂದಲ್ಲ. ಆದರೆ ಅವು ಕಾಗದದ ಅಭಾವದಿಂದ ಉಂಟಾಗತಕ್ಕವಲ್ಲ. ಗಡಿಯಾರವೇ ನಕಲಿಯಾಗಿದ್ದರೆ, ಅಥವಾ ಹೊರಗಿನವರು ಕೂರಿಸಿದ ವಜ್ರಗಳಿಂದಲೂ ಪರಕೀಯ ಭಾಗಗಳಿಂದಲೂ ಅದರ ಸ್ವರೂಪ ಕೆಟ್ಟಿದ್ದರೆ, ಎಷ್ಟು ಕಾಗದ ಮುಂದಿಟ್ಟರೂ ಅವರು ಕೈಮುಗಿದು ಹಿಂದಿರುಗಿಸುತ್ತಾರೆ. ನಮ್ಮ ದೇಶದಲ್ಲಿ ಹಳೆಯ ಕೇಸಿಗೆ ಹೊಸದಾಗಿ ಬಣ್ಣ ಬಳಿದ ಡಯಲನ್ನು ಹಾಕಿ, ಎಲ್ಲಿಯದೋ ಮುಳ್ಳುಗಳನ್ನು ಜೋಡಿಸಿ, ಪ್ರಾಚೀನ ವಸ್ತುವೆಂದು ಮಾರುವ ಒಂದು ಉದ್ಯೋಗವೇ ಇದೆ. ಸಂಗ್ರಾಹಕರು ಅಂಥವನ್ನು ‘ಮುಂಬೈ ಸ್ಪೆಷಲ್’ ಎಂದು ಕರೆಯುತ್ತಾರೆ. ಇಂಥವುಗಳ ಕಳಂಕವನ್ನು ಕಾಗದ ತೊಳೆಯಲಾರದು, ಅದರಲ್ಲಿಯೂ ಕಾಗದವೇ ಖೋಟಾ ಆಗಬಲ್ಲ ಈ ಕಾಲದಲ್ಲಿ. ಒಡೆಯನಿಂದ ಅಗಲಿದ ಕಾರ್ಡುಗಳನ್ನೂ ಖಾಲಿ ಪೆಟ್ಟಿಗೆಗಳನ್ನೂ ಬಿಡಿಬಿಡಿಯಾಗಿ ಮಾರುವವರಿದ್ದಾರೆ, ಕೊಳ್ಳುವವರೂ ಇದ್ದಾರೆ; ಏತಕ್ಕೆ ಕೊಳ್ಳುತ್ತಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂರನೆಯದು ಕಳವಿನ ಗಡಿಯಾರ. ಕಂಪನಿಗಳು ತಮ್ಮಲ್ಲಿಗೆ ಬಂದ ಗಡಿಯಾರದ ಕ್ರಮಸಂಖ್ಯೆಯನ್ನು ಕಳವಾದವುಗಳ ಪಟ್ಟಿಯೊಡನೆ ತಾಳೆ ನೋಡುವುದುಂಟು. ಕಾರ್ಟಿಯೆ ಮೊದಲಾದ ಹೆಸರುಗಳನ್ನು ಆಳುವ ರಿಶ್ಮೋಂ ಸಮೂಹವು 2023ರಲ್ಲಿ ಎನ್ಕ್ವೈರಸ್ ಎಂಬ ಹೆಸರಿನಲ್ಲಿ ಇಂಥದೊಂದು ಪಟ್ಟಿಯನ್ನು ಸಾರ್ವಜನಿಕರಿಗೂ ತೆರೆಯಿತು. ಇಲ್ಲಿ ಕೊಂಡ ಬಿಲ್ಲು ನಿಜವಾದ ಒಡೆಯನಿಗೆ ಸಹಾಯಕವೆಂಬುದನ್ನು ಒಪ್ಪಬೇಕು. ಕಳೆದುಕೊಂಡವನು ತನ್ನದೆಂದು ಹೇಳುವುದಕ್ಕೆ ಕ್ರಮಸಂಖ್ಯೆಯನ್ನಾದರೂ ತಿಳಿದಿರಬೇಕಷ್ಟೆ.

ಪಿತ್ರಾರ್ಜಿತವಾಗಿ ಬಂದ ಗಡಿಯಾರಕ್ಕೆ ಮೂಲ ಕಾಗದವಿರುವುದೇ ಅಪರೂಪ. ಅಂಥ ಗಡಿಯಾರದ ಒಡೆಯರಿಗೆ ಕೆಲವು ಕಂಪನಿಗಳ ದಫ್ತರುಗಳು ಆಸರೆಯಾಗಿವೆ. ಸೇಂಟ್ ಇಮಿಯೆ ಎಂಬ ಊರಿನ ಲಾಂಜೀನ್ ಸಂಸ್ಥೆ 1867ರಿಂದ ಈಚೆಗೆ ತಾನು ತಯಾರಿಸಿದ ಗಡಿಯಾರಗಳ ಸಂಖ್ಯೆಗಳನ್ನು ಕೈಬರಹದ ದೊಡ್ಡ ದೊಡ್ಡ ಪುಸ್ತಕಗಳಲ್ಲಿ ದಾಖಲಿಸಿಟ್ಟಿದೆ. 1839ರಲ್ಲಿ ಆರಂಭವಾದ ಪಾಟೆಕ್ ಫಿಲಿಪ್ ತಾನು ಅಂದಿನಿಂದ ಮಾಡಿದ ಯಾವ ಗಡಿಯಾರವನ್ನಾದರೂ ದುರಸ್ತಿ ಮಾಡಿಕೊಡುವೆನೆಂದು ಹೇಳುತ್ತದೆ. ಕೇಳಿದವರಿಗೆ, ಶುಲ್ಕ ತೆಗೆದುಕೊಂಡು, ತನ್ನ ದಾಖಲೆಯಿಂದ ಒಂದು ಉದ್ಧೃತ ಪತ್ರವನ್ನೂ ಕಳಿಸುತ್ತದೆ. ಆದರೆ ಆ ಪತ್ರದ ಪರಿಮಿತಿಯನ್ನು ತಿಳಿದಿರಬೇಕು. ಇಂಥ ಸಂಖ್ಯೆಯ ಗಡಿಯಾರವನ್ನು ಇಂಥ ವರ್ಷ ತಯಾರಿಸಿ ಇಂಥ ದಿನ ಮಾರಲಾಯಿತೆಂದಷ್ಟೇ ಅದು ಹೇಳುತ್ತದೆ. ಇಂದು ನಿಮ್ಮ ಕೈಯಲ್ಲಿರುವ ವಸ್ತುವಿನ ಡಯಲೂ ಮುಳ್ಳೂ ಕೇಸೂ ಅಂದಿನವೇ ಎಂದು ಅದು ಹೇಳುವುದಿಲ್ಲ, ಹೇಳಲಾರದು.

ಈ ಪರಿಮಿತಿ ಎಷ್ಟು ದುಬಾರಿಯಾಗಬಲ್ಲುದೆಂಬುದಕ್ಕೆ ಒಂದು ಪ್ರಸಿದ್ಧ ಪ್ರಕರಣವಿದೆ. 2021ರ ನವೆಂಬರಿನಲ್ಲಿ ಜಿನೀವಾ ನಗರದ ಫಿಲಿಪ್ಸ್ ಹರಾಜಿನಲ್ಲಿ 1957ರದೆಂದು ಹೇಳಲಾದ, ಡಯಲು ಕಂದುಬಣ್ಣಕ್ಕೆ ತಿರುಗಿದ ಒಮೆಗಾ ಸ್ಪೀಡ್‌ಮಾಸ್ಟರೊಂದು ಮೂವತ್ತೊಂದು ಲಕ್ಷ ಸ್ವಿಸ್ ಫ್ರಾಂಕುಗಳನ್ನು ಮೀರಿದ ಬೆಲೆಗೆ ಹೋಯಿತು. ಅದರ ಜೊತೆಗೆ ಒಮೆಗಾದ ದಫ್ತರಿನ ಉದ್ಧೃತ ಪತ್ರವೂ ಇದ್ದಿತು. ಕೊಂಡವರು ಬೇರೆ ಯಾರೂ ಅಲ್ಲ, ತನ್ನ ವಸ್ತುಸಂಗ್ರಹಾಲಯಕ್ಕಾಗಿ ಒಮೆಗಾ ಕಂಪನಿಯೇ. ಎರಡು ವರ್ಷ ಕಳೆಯುವುದರೊಳಗೆ, 2023ರಲ್ಲಿ, ಆ ಗಡಿಯಾರದ ಬಹುಭಾಗವನ್ನು ಇತರ ಗಡಿಯಾರಗಳ ಅಂಗಗಳಿಂದ ಕೂಡಿಸಿ ಕಟ್ಟಲಾಗಿತ್ತೆಂದೂ, ತನ್ನ ಮೂವರು ಮಾಜಿ ನೌಕರರ ಕೈವಾಡ ಅದರಲ್ಲಿತ್ತೆಂದೂ ಕಂಪನಿಯೇ ಬಹಿರಂಗವಾಗಿ ಹೇಳಬೇಕಾಗಿ ಬಂದಿತು. ತಯಾರಕನೇ, ತನ್ನದೇ ದಫ್ತರಿನ ಪತ್ರದ ಸಮೇತ, ತನ್ನದೇ ಹೆಸರಿನ ಗಡಿಯಾರದಲ್ಲಿ ಮೋಸಹೋದನೆಂದ ಮೇಲೆ, ಉಳಿದವರು ಕಾಗದವೊಂದನ್ನೇ ನಂಬಿ ನಿಶ್ಚಿಂತರಾಗಿರುವುದು ಸಾಹಸವೇ ಸರಿ.

ಇಷ್ಟರವರೆಗೆ ನಾನು ಕಾಗದದ ವಿರುದ್ಧವಾಗಿಯೇ ವಾದಿಸಿದಂತೆ ತೋರಬಹುದು. ಆದರೆ ಭಾರತದಲ್ಲಿ ವಾಸಿಸುವ ಒಡೆಯನಿಗೆ ಅತ್ಯಗತ್ಯವಾದ ಒಂದು ಕಾಗದವುಂಟು; ಅದು ಜನ ಜೋಪಾನ ಮಾಡುವ ಮಿರುಗುವ ಕಾರ್ಡಲ್ಲ, ಪೆಟ್ಟಿಗೆಯೂ ಅಲ್ಲ, ಸಾಮಾನ್ಯವಾಗಿ ಎಲ್ಲಕ್ಕಿಂತ ಮೊದಲು ಕಸದ ಬುಟ್ಟಿಗೆ ಬೀಳುವ ಬಿಲ್ಲು. 1962ರ ಕಸ್ಟಮ್ಸ್ ಕಾಯಿದೆಯ 123ನೆಯ ಪ್ರಕರಣ ಈ ವಿಷಯದಲ್ಲಿ ನಮ್ಮ ಸಾಮಾನ್ಯ ನ್ಯಾಯಭಾವನೆಯನ್ನೇ ತಲೆಕೆಳಗು ಮಾಡುತ್ತದೆ. ಕಳ್ಳಸಾಗಣೆಯ ಮಾಲೆಂಬ ಸಕಾರಣವಾದ ನಂಬಿಕೆಯಿಂದ ಅಧಿಕಾರಿಗಳು ಒಂದು ವಸ್ತುವನ್ನು ವಶಪಡಿಸಿಕೊಂಡಾಗ, ಅದು ಹಾಗಲ್ಲವೆಂದು ಸಾಬೀತುಮಾಡುವ ಹೊಣೆಯನ್ನು ಈ ಪ್ರಕರಣ ಅದು ಯಾರ ವಶದಲ್ಲಿ ಸಿಕ್ಕಿತೋ ಅವರ ಮೇಲೆಯೇ ಹೊರಿಸುತ್ತದೆ. ಅದು ಅನ್ವಯಿಸುವ ವಸ್ತುಗಳನ್ನು ಹೆಸರಿಸುವಾಗ ಚಿನ್ನದ ಜೊತೆಯಲ್ಲಿಯೇ ಗಡಿಯಾರಗಳನ್ನೂ ಹೆಸರಿಸುತ್ತದೆ. ಕಾಯಿದೆಯ ಕಾಲವನ್ನು ನೆನೆದರೆ ಇದು ಆಶ್ಚರ್ಯವಲ್ಲ. ಬೆಂಗಳೂರಿನ ಎಚ್.ಎಂ.ಟಿ. ಕಾರ್ಖಾನೆಯಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಕೈಗಡಿಯಾರಗಳ ತಯಾರಿಕೆ ಮೊದಲಾದದ್ದು 1961ರಲ್ಲಿ; ವಿದೇಶೀ ಗಡಿಯಾರವು ಸಮುದ್ರಮಾರ್ಗವಾಗಿ ಗುಟ್ಟಾಗಿ ಬಂದಿಳಿಯುವ ಪದಾರ್ಥಗಳಲ್ಲಿ ಅಗ್ರಗಣ್ಯವಾಗಿದ್ದ ದಿನಗಳವು. ಆ ದಿನಗಳು ಹೋದವು, ಎಚ್.ಎಂ.ಟಿ.ಯ ಗಡಿಯಾರ ವಿಭಾಗವನ್ನು ಮುಚ್ಚುವ ನಿರ್ಧಾರವೂ 2016ರಲ್ಲಿ ಆಗಿಹೋಯಿತು. ಪ್ರಕರಣ ಮಾತ್ರ ಕಾಯಿದೆಯಲ್ಲಿ ಹಾಗೆಯೇ ಇದೆ. ಅಮೆರಿಕದಲ್ಲಿಯೋ ದುಬೈಯಲ್ಲಿಯೋ ಇರುವ ಅಳಿಯಂದಿರು, ಮಕ್ಕಳು, ಊರಿಗೆ ಬರುವಾಗ ಪ್ರೀತಿಯಿಂದ ತಂದುಕೊಟ್ಟ ಗಡಿಯಾರವನ್ನು ಕಟ್ಟಿಕೊಂಡು ತಿರುಗುವ ನಮ್ಮ ಹಿರಿಯರು, ಅದರ ಸುಂಕ ಕಟ್ಟಿದ ರಶೀತಿಯನ್ನೂ ಅವರಿಂದ ಕೇಳಿ ಪಡೆದಿಟ್ಟುಕೊಳ್ಳುವುದು ಲೇಸು. ಬಾಯಿಬಿಟ್ಟು ಕೇಳುವುದು ಸಂಕೋಚದ ಮಾತೆಂಬುದು ನಿಜ.

ಇದೇ ಕಾರಣದಿಂದ, ಬೆಲೆಬಾಳುವ ಗಡಿಯಾರ ಕಟ್ಟಿ ವಿದೇಶಕ್ಕೆ ಹೊರಟವರು ಹೊರಡುವಾಗಲೇ ವಿಮಾನನಿಲ್ದಾಣದ ಕಸ್ಟಮ್ಸ್ ಅಧಿಕಾರಿಯಿಂದ ರಫ್ತು ಪ್ರಮಾಣಪತ್ರ ಮಾಡಿಸಿಕೊಂಡರೆ, ಹಿಂದಿರುಗುವಾಗ ಅದನ್ನು ಹೊರಗೆ ಕೊಂಡದ್ದೆಂದು ತಿಳಿಯುವ ಪ್ರಮೇಯ ಬರುವುದಿಲ್ಲ. ಜಟಿಲವಾದ ಯಂತ್ರಗಳನ್ನು ಇಲ್ಲಿನ ಕೇಂದ್ರದವರು ಸ್ವಿಟ್ಜರ್ಲೆಂಡಿಗೇ ಕಳಿಸುವುದುಂಟು. ದುರಸ್ತಿಗೆಂದು ಹೋದದ್ದು ಮೂರು ವರ್ಷದೊಳಗೆ ಮರಳಿದರೆ ಸುಂಕವನ್ನು ಗಡಿಯಾರದ ಪೂರ್ಣ ಮೌಲ್ಯದ ಮೇಲಲ್ಲ, ದುರಸ್ತಿಯ ವೆಚ್ಚ, ವಿಮೆ, ಸಾಗಣೆ ಇವುಗಳ ಮೇಲೆ ಮಾತ್ರ ಹಾಕುವ ರಿಯಾಯಿತಿಯಿದೆ. ಆದರೆ ಹೋದದ್ದೂ ಬಂದದ್ದೂ ಒಂದೇ ಎಂದು ತೋರಿಸಬೇಕು. ತೋರಿಸುವುದು ಮತ್ತೆ ಅದೇ ಕ್ರಮಸಂಖ್ಯೆಯಿಂದ. 2025ರ ಏಪ್ರಿಲಿನಿಂದ ಹತ್ತು ಲಕ್ಷ ರೂಪಾಯಿಗೆ ಮೀರಿದ ಕೈಗಡಿಯಾರವನ್ನು ಕೊಳ್ಳುವವನಿಂದ ವ್ಯಾಪಾರಿಯು ಶೇಕಡ ಒಂದರಷ್ಟು ತೆರಿಗೆಯನ್ನು ಮೂಲದಲ್ಲಿಯೇ ಸಂಗ್ರಹಿಸಬೇಕೆಂಬ ನಿಯಮವೂ ಬಂದಿದೆ. ಕೊಂಡವನ ಆದಾಯ ತೆರಿಗೆಯ ಲೆಕ್ಕದಲ್ಲಿ ಅದು ಜಮೆಯಾಗುವುದರಿಂದ, ಬಿಲ್ಲನ್ನು ಎಸೆಯುವುದು ಈಗ ಹಣವನ್ನು ಎಸೆದ ಹಾಗೆಯೇ.

ಕಂಪನಿಯ ಕೇಂದ್ರವನ್ನು ಬಿಟ್ಟು ಸ್ವತಂತ್ರ ರಿಪೇರಿಯವರಲ್ಲಿಗೆ ಹೋದರೆ ಕಾಗದದ ಪ್ರಶ್ನೆ ಇನ್ನೂ ಹಗುರ. ಅಲ್ಲಿ ತೊಡಕಿರುವುದು ಬಿಡಿಭಾಗದ್ದು. ದೊಡ್ಡ ಕಂಪನಿಗಳು ತಮ್ಮ ಬಿಡಿಭಾಗಗಳನ್ನು ಹೊರಗಿನ ಕೆಲಸಗಾರರಿಗೆ ಮಾರುವುದನ್ನು ವರ್ಷವರ್ಷಕ್ಕೆ ಬಿಗಿಗೊಳಿಸುತ್ತ ಬಂದಿವೆ. ಯುರೋಪಿನ ಗಡಿಯಾರ ರಿಪೇರಿಗಾರರ ಒಕ್ಕೂಟವು 2004ರಲ್ಲಿ ಇದರ ವಿರುದ್ಧ ಯುರೋಪಿಯನ್ ಆಯೋಗಕ್ಕೆ ದೂರು ಕೊಟ್ಟು ಹದಿಮೂರು ವರ್ಷ ಹೋರಾಡಿತಾದರೂ, ಆಯೋಗವು 2014ರಲ್ಲಿ ದೂರನ್ನು ತಳ್ಳಿಹಾಕಿದ್ದನ್ನು ಅಲ್ಲಿಯ ನ್ಯಾಯಾಲಯ 2017ರಲ್ಲಿ ಎತ್ತಿಹಿಡಿಯಿತು. ಒಳ್ಳೆಯ ಕೈಯಿದ್ದೂ ಒಳ್ಳೆಯ ಭಾಗ ಸಿಕ್ಕದ ಕೆಲಸಗಾರನ ಪಾಡು ಮರುಕ ಹುಟ್ಟಿಸುವಂಥದು. ನನ್ನ ಅಭಿಪ್ರಾಯದಲ್ಲಿ, ಎಣ್ಣೆ ಬದಲಿಸಿ ಶುದ್ಧಿ ಮಾಡುವಷ್ಟೇ ಕೆಲಸವಿರುವ ಸರಳ ಯಂತ್ರಕ್ಕೆ ನುರಿತ ಸ್ವತಂತ್ರ ಕೆಲಸಗಾರನೇ ಸಾಕು. ಭಾಗಗಳು ಬದಲಾಗಬೇಕಾದ ಅಥವಾ ಜಟಿಲವಾದ ಯಂತ್ರಕ್ಕೆ ಕಂಪನಿಯ ಕೇಂದ್ರವೇ ಮೇಲು.

ಹಾಗೆ ಕೊಡುವಾಗ ಹುಟ್ಟುವ ಹೊಸ ಕಾಗದದ ಕಡೆಗೆ ಗಮನ ಬೇಕು. ಸರ್ವಿಸಿನ ಬಿಲ್ಲಿನಲ್ಲಿ ಕ್ರಮಸಂಖ್ಯೆ, ಬದಲಿಸಿದ ಭಾಗಗಳ ಹೆಸರು, ತಾರೀಖು ಇರಬೇಕು. ರೋಲೆಕ್ಸ್, ಒಮೆಗಾಗಳಲ್ಲಿ ಸರ್ವಿಸಿಗೇ ಎರಡು ವರ್ಷಗಳ ಪ್ರತ್ಯೇಕ ವಾರಂಟಿ ಉಂಟಾದ್ದರಿಂದ ಅದಕ್ಕೆ ಆಧಾರ ಈ ಕಾಗದವೇ, ಹಳೆಯ ಕಾರ್ಡಲ್ಲ. ಹಳೆಯ ಗಡಿಯಾರವಾದರೆ ಇನ್ನೂ ಒಂದು ಎಚ್ಚರ. ಕೇಸನ್ನು ಪಾಲಿಶ್ ಮಾಡುವುದೂ, ಮಾಸಿದ ಡಯಲನ್ನೂ ಮುಳ್ಳುಗಳನ್ನೂ ಹೊಸದಾಗಿ ಬದಲಿಸುವುದೂ ಹಲವು ಕೇಂದ್ರಗಳಿಗೆ ವಾಡಿಕೆಯ ಸೌಜನ್ಯ. ಸಂಗ್ರಾಹಕರ ಕಣ್ಣಿಗೆ ಅದು ಅಂಗಚ್ಛೇದ. ಅರವತ್ತರ ದಶಕದ ಡಯಲಿನ ಮೇಲೆ ಟ್ರಿಟಿಯಮ್ ಬಣ್ಣ ಹಳದಿಗೆ ತಿರುಗಿರುವುದು ಅದರ ವಯಸ್ಸಿನ ಸಾಕ್ಷ್ಯ, ಅದೇ ಅದರ ಬೆಲೆ. ಪಾಲಿಶ್ ಬೇಡ, ಡಯಲು ಮುಟ್ಟಬೇಡಿ, ತೆಗೆದ ಹಳೆಯ ಭಾಗಗಳನ್ನು ಹಿಂದಕ್ಕೆ ಕೊಡಿ ಎಂಬ ಮೂರು ಮಾತುಗಳನ್ನು ಜಾಬ್ ಕಾರ್ಡಿನ ಮೇಲೆ ಬರೆಸದೆ ಗಡಿಯಾರವನ್ನು ಕೈಬಿಡಬಾರದು. ತೆಗೆದ ಭಾಗಗಳನ್ನು ಹಿಂದಕ್ಕೆ ಕೊಡದ ಕೇಂದ್ರಗಳೂ ಇರುವುದರಿಂದ ಆ ಮಾತನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು.

ಮೂಲ ಪೆಟ್ಟಿಗೆ, ಕಾರ್ಡು, ಕಾಗದಗಳು ಪೂರ್ತಿಯಾಗಿ ಉಳಿದಿರುವ ಭಾಗ್ಯವಂತರಿಗೆ ಒಂದು ಮಾತು. ಮುಂದೆ ಮಾರುವ ದಿನ ಅವುಗಳಿಗೆ ಬೆಲೆಯಿದೆ, ವಿಮೆ ಮಾಡಿಸುವಾಗಲೂ ಉಪಯೋಗವಿದೆ. ಒಮ್ಮೆ ಕಳೆದರೆ ಮೂಲ ಕಾರ್ಡನ್ನು ಕಂಪನಿಗಳು ಸಾಮಾನ್ಯವಾಗಿ ಮತ್ತೆ ಬರೆದುಕೊಡುವುದಿಲ್ಲ. ಆದಕಾರಣ ಸರ್ವಿಸಿಗೆ ಹೋಗುವಾಗ ಅವನ್ನು ಜೊತೆಗೆ ಒಯ್ದು ಕೌಂಟರಿನಲ್ಲಿ ಬಿಟ್ಟು ಬರಬೇಡಿ. ಬಿಲ್ಲಿನ ಒಂದು ನಕಲು ಕಿಸೆಯಲ್ಲಿರಲಿ, ಕ್ರಮಸಂಖ್ಯೆ ಮನೆಯ ಡೈರಿಯಲ್ಲಿ ಬರೆದಿರಲಿ; ಕೌಂಟರಿನಾಚೆಗೆ ಗಡಿಯಾರವನ್ನು ಮಾತ್ರ ಕೊಡಿ, ಸಹಿ ಹಾಕಿದ ರಶೀತಿಯನ್ನು ಪಡೆದು ಬನ್ನಿ.